ಚಕ್ರ ಕಕ್ಕಿದ ಕೆಂಪು ನೀರು

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ರಾಜೇಂದ್ರ ನನ್ನ ಮುಂದೆ ಎರಡು ಸಾಮಾನು ತಂದಿಟ್ಟ. ಒಂದು ಪಾಯಿಖಾನೆ ತೊಳೆಯುವ ಆಸಿಡ್ ಬಾಟಲಿ, ಇನ್ನೊಂದು ಪಾತ್ರೆ ಉಜ್ಜುವ ಸ್ಟೀಲ್ ನಾರು. ಹನ್ನೊಂದು ಗಂಟೆಯೊಳಗೆ ಬಿ ಬ್ಲಾಕಿನ ಶಿವರಾಜ್ ಸಾರ್ ಕಾರಿನ ನಾಲ್ಕೂ ಚಕ್ರ ಬೆಳ್ಳಗಾಗಬೇಕು, ಇಲ್ಲದಿದ್ದರೆ ನನ್ನ ಗೇಟ್ ಪಾಸ್ ರದ್ದು ಎಂದ.

ರಾಜೇಂದ್ರ ನಮ್ಮ ಅಪಾರ್ಟ್‌ಮೆಂಟಿನ ಸೂಪರ್‌ವೈಸರ್. ಅವನ ಫೋನಿನಲ್ಲಿ ಒಂದು ಆ್ಯಪ್ ಇದೆ. ನನ್ನ ಕುತ್ತಿಗೆಯಲ್ಲಿ ನೇತಾಡುವ ಕಾರ್ಡಿಗೆ ಆ ಫೋನು ಹಿಡಿದು ಒಂದು ಸಲ ಒತ್ತಿದರೆ ಆಯಿತು, ಮಾರನೆಯ ದಿನದಿಂದ ಗೇಟು ನನಗೆ ತೆರೆಯುವುದಿಲ್ಲ. ಮೂವತ್ತನಾಲ್ಕು ಕಾರು ತೊಳೆಯುವ ಕೆಲಸ ಒಂದೇ ಬೆರಳಿಗೆ ಹೋಗುತ್ತದೆ. ಆದರೆ ಸುಮ್ಮಸುಮ್ಮನೆ ಒತ್ತುವಂತಿಲ್ಲ, ಮನೆಯವರಿಂದ ಮೂರು ಕಂಪ್ಲೇಂಟ್ ಬಿದ್ದಿರಬೇಕು. ಮೂರನೆಯದನ್ನು ಶಿವರಾಜ್ ಸಾರ್ ಶನಿವಾರ ಸಂಜೆ ಹಾಕಿದ್ದರು. ವೀಲುಗಳು ಕಪ್ಪಗಿವೆ, ಮುತ್ತು ಎಂಬ ಹುಡುಗ ಸರಿಯಾಗಿ ತೊಳೆಯುತ್ತಿಲ್ಲ ಎಂದು. ಹಾಕಿದವರೇ ಅದನ್ನು ತೆಗೆದರೆ ನಾನು ಉಳಿದೆ.

ಮೊದಲ ಎರಡರ ಕಥೆ ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. ಚಕ್ರ ಒರೆಸಿದ ಬಟ್ಟೆಯಲ್ಲಿ ಬಾನೆಟ್ ಒರೆಸುವುದಿಲ್ಲ, ಗೀರು ಬೀಳುತ್ತದೆ ಎಂದೆ. ಟೈಮ್ ವೇಸ್ಟ್ ಮಾಡುತ್ತಾನೆ ಎಂದು ಮೊದಲನೆಯದು ಬಿತ್ತು. ಕೋಲಾರದಿಂದ ನೂರಿಪ್ಪತ್ತರಲ್ಲಿ ಓಡಿಸಿಕೊಂಡು ಬಂದವರೊಬ್ಬರು ಇಳಿದ ಕೂಡಲೇ ಚಕ್ರಕ್ಕೆ ನೀರು ಹೊಡಿ ಎಂದರು. ಕಾದ ಕಾವಲಿಗೆ ತಣ್ಣೀರು ಸುರಿದರೆ ಏನಾಗುತ್ತದೆ ಅಂತ ನಿಮ್ಮ ಮನೆಯಲ್ಲಿ ಕೇಳಿ ಬನ್ನಿ ಸಾರ್ ಎಂದೆ. ಎದುರು ಮಾತನಾಡುತ್ತಾನೆ ಎಂದು ಎರಡನೆಯದು. ಅವರ ಕಾರಿನ ಒಳ್ಳೆಯದಕ್ಕೆ ಹೇಳಿದ್ದು ನಾನು. ನನ್ನದೇನು ಕಾರಿದೆಯೇ?

ಆಸಿಡ್ ಬಾಟಲಿಯನ್ನು ರಾಜೇಂದ್ರನ ಕೈಗೇ ವಾಪಸು ಕೊಟ್ಟೆ. ಇದನ್ನು ಹಾಕಿದರೆ ಕಪ್ಪು ಹೋಗುತ್ತದೆ, ಹಿಂದೆಯೇ ಚಕ್ರದ ಮೇಲಿನ ಬಣ್ಣವೂ ಹೋಗುತ್ತದೆ, ಹದಿನೈದು ದಿನಕ್ಕೆ ಚಕ್ರದ ಅಲಾಯ್ ಲೋಹ ಬಿಳಿ ಬಿಳಿ ಪೊರೆ ಬಿಡುತ್ತದೆ, ಆಗ ನೀನು ನಾಲ್ಕು ಚಕ್ರ ತಂದುಕೊಡುತ್ತೀಯಾ ಎಂದು ಕೇಳಿದೆ. ಅವನು ಗಡಿಯಾರ ತೋರಿಸಿದ. ಹನ್ನೊಂದಕ್ಕೆ ಶಿವರಾಜ್ ಸಾರ್ ಮನೆಯವರೆಲ್ಲ ಸರ್ಜಾಪುರಕ್ಕೆ ಹೊರಡುತ್ತಾರಂತೆ. ಅವರ ಹೆಂಡತಿ ನಿವೇದಿತಾ ಮೇಡಂ ತಮ್ಮನ ನಿಶ್ಚಿತಾರ್ಥ. ಕಪ್ಪು ಚಕ್ರದಲ್ಲಿ ಬೀಗರ ಮುಂದೆ ಇಳಿಯುವುದಿಲ್ಲವೆಂದು ಮೇಡಂ ಹೇಳಿದ್ದಾರಂತೆ.

ನಾನು ಹೂಡಿಯ ಮಲ್ಲಿಕ್ ಭಾಯ್ ಹತ್ತಿರ ಎರಡು ವರ್ಷ ಕಾರು ತೊಳೆದವನು. ಭಾಯ್ ಹೇಳುತ್ತಿದ್ದುದು ಇಷ್ಟು. ಬ್ರೇಕ್ ಒತ್ತಿದಾಗಲೆಲ್ಲ ಒಳಗಿರುವ ಕಬ್ಬಿಣದ ತಟ್ಟೆಯನ್ನು ಪ್ಯಾಡು ಕಚ್ಚುತ್ತದೆ. ಕಚ್ಚಿದಾಗ ಪುಡಿ ಉದುರುತ್ತದೆ. ಆ ಪುಡಿ ಬಿಸಿಯಲ್ಲಿಯೇ ಚಕ್ರದ ಮೇಲೆ ಕೂತು, ತುಕ್ಕು ಹಿಡಿದು, ಬೇರು ಬಿಡುತ್ತದೆ. ಬೇರು ಬಿಟ್ಟದ್ದನ್ನು ಉಜ್ಜಿದರೆ ಅದೇ ಮರಳು ಕಾಗದವಾಗಿ ಚಕ್ರವನ್ನು ತಿನ್ನುತ್ತದೆ. ಅದಕ್ಕೇ ಉಜ್ಜಬಾರದು, ಬಿಡಿಸಬೇಕು. ನಮ್ಮ ಪಟ್ಟಂದೂರು ಅಗ್ರಹಾರದಿಂದ ಆಫೀಸಿಗೆ ನಾಲ್ಕು ಕಿಲೋಮೀಟರ್ ಹೋಗಲು ನಾನೂರು ಸಲ ಬ್ರೇಕ್ ಒತ್ತುವ ಊರು ಇದು. ಶಿವರಾಜ್ ಸಾರ್‌ದು ಜರ್ಮನಿಯ ಕಾರು ಬೇರೆ, ಅದರ ಬ್ರೇಕು ಬೇರೆ ಕಾರಿಗಿಂತ ಎರಡು ಪಟ್ಟು ಪುಡಿ ಉದುರಿಸುತ್ತದೆ. ಆರು ತಿಂಗಳಿಂದ ಅದನ್ನು ಬಿಡಿಸಲು ನನಗೆ ಒಂದು ಗಂಟೆ ಕೊಟ್ಟವರಿಲ್ಲ. ಅವತ್ತು ಕೊಟ್ಟರು, ಅದೂ ಕುತ್ತಿಗೆಗೆ ಹಗ್ಗ ಹಾಕಿ.

ಭಾಯ್ ಕೊಟ್ಟ ಅರ್ಧ ಲೀಟರಿನ ಸ್ಪ್ರೇ ಬಾಟಲಿ ನನ್ನ ಬಕೆಟ್ಟಿನ ತಳದಲ್ಲಿತ್ತು. ಅದರಲ್ಲಿ ಆಸಿಡ್ ಇಲ್ಲ. ಬಣ್ಣವನ್ನು ಅದು ಮುಟ್ಟುವುದಿಲ್ಲ, ಕಬ್ಬಿಣವನ್ನು ಮಾತ್ರ ಹುಡುಕಿ ಹಿಡಿದು ಕರಗಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಮೈಗೆ ತಾಗಬಾರದೆಂದು ಗ್ಲೌಸ್ ಹಾಕಿಕೊಳ್ಳಬೇಕು.

ಕಾರನ್ನು ಬೇಸ್‌ಮೆಂಟಿನಿಂದ ರ‍್ಯಾಂಪಿನ ಮೇಲಕ್ಕೆ ತರಿಸಿದೆ. ಅಲ್ಲಿ ಬಿ ಬ್ಲಾಕಿನ ನೆರಳು ಬೀಳುತ್ತದೆ, ಪಕ್ಕದಲ್ಲೇ ಪ್ರೆಶರ್ ಪೈಪಿದೆ. ಅಂಗೈ ಇಟ್ಟು ನೋಡಿದೆ, ಚಕ್ರ ತಣ್ಣಗಿತ್ತು. ಮೊದಲು ಬರೀ ನೀರು ಹೊಡೆದೆ. ಆಮೇಲೆ ಶಾಂಪೂ ನೊರೆ, ಮೆತ್ತನೆಯ ಬ್ರಷ್ಷು, ಚಕ್ರದ ಕಡ್ಡಿಗಳ ಸಂದಿಗೆ ಪೇಂಟ್ ಬ್ರಷ್ಷು. ಮೇಲಿನ ಧೂಳು ಹೋಯಿತು. ಕಪ್ಪು ಹೋಗಲಿಲ್ಲ, ಹೋಗುವುದೂ ಇಲ್ಲ. ಈಗ ಬಾಟಲಿ ತೆಗೆದು ನಾಲ್ಕೂ ಚಕ್ರಕ್ಕೆ ಹೊಡೆದು, ಎದ್ದು ನಿಂತು ನೋಡಿದೆ.

ಒಂದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಚುಕ್ಕೆ ನೇರಳೆ. ಅದರ ಪಕ್ಕ ಇನ್ನೊಂದು. ನೋಡನೋಡುತ್ತ ಇಡೀ ಚಕ್ರ ನೇರಳೆ ಹಣ್ಣು ತಿಂದ ಮಗುವಿನ ಬಾಯಿಯಂತಾಯಿತು. ಆರು ತಿಂಗಳ ಕಬ್ಬಿಣ ಕರಗಿ ಕೆಂಪಾಗಿ ಸುರಿಯತೊಡಗಿತು. ಎಷ್ಟು ಸಲ ನೋಡಿದರೂ ನನಗೆ ಇದು ಸಾಲದು. ಮೈಯಲ್ಲಿದ್ದ ಸಿಟ್ಟೆಲ್ಲ ಗುಳುಗುಳು ನಗುವಾಗಿ ಬಂತು. ಸುರಿ, ಇನ್ನೂ ಸುರಿ ಎಂದು ಚಕ್ರಕ್ಕೆ ಹೇಳುತ್ತ ಬ್ರಷ್ಷಿನಿಂದ ಮೆತ್ತಗೆ ಸವರುತ್ತ ನಾಲ್ಕೂ ಕಡೆ ಓಡಾಡಿದೆ.

ನೆಲ ಮೊದಲೇ ಒದ್ದೆಯಾಗಿತ್ತು. ಕೆಂಪು ಅದರಲ್ಲಿ ಬೆರೆತು ರ‍್ಯಾಂಪಿನ ಇಳಿಜಾರು ಹಿಡಿಯಿತು. ರ‍್ಯಾಂಪಿನ ಬುಡದಲ್ಲಿ ನೀರು ಹೋಗಲು ಅಡ್ಡಲಾಗಿ ಒಂದು ಜಾಲರಿಯಿದೆ. ಎಲೆ ಕಟ್ಟಿಕೊಂಡಿದೆ, ತೆಗೆಸು ಎಂದು ರಾಜೇಂದ್ರನಿಗೆ ತಿಂಗಳಿಂದ ಹೇಳುತ್ತಿದ್ದೇನೆ. ತೆಗೆಸಿರಲಿಲ್ಲ. ನೀರು ಅಲ್ಲಿ ನಿಂತಿತು. ರ‍್ಯಾಂಪಿನ ಈ ಗೋಡೆಯಿಂದ ಆ ಗೋಡೆಯವರೆಗೆ, ಮೊಳದಗಲದ ಕೆಂಪು ನೀರಿನ ಪಟ್ಟಿ.

ಜಾಲರಿಯ ಆಚೆ, ಬೇಸ್‌ಮೆಂಟಿನ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂರುವವನು ಸೆಕ್ಯುರಿಟಿ ಗದಿಗೆಪ್ಪ. ಕೊಪ್ಪಳದ ಕಡೆಯವನು. ಅವನು ಮೊದಲು ನೋಡಿದ್ದು ನನ್ನನ್ನಲ್ಲ, ನೀರನ್ನು. ನೋಡಿದವನೇ ಎದ್ದು ಕಾರು ತಡೆಯುವ ಕಂಬವನ್ನು ಇಳಿಸಿಬಿಟ್ಟ. ಅಷ್ಟರಲ್ಲಿ ಒಳಗಿನಿಂದ ಒಂದು ಬಿಳಿ ಕಾರು ಬಂತು. ಗದಿಗೆಪ್ಪ ಕಿಟಕಿಗೆ ಬಾಗಿ, "ದಾಟಬ್ಯಾಡ್ರೀ ಸಾಹೇಬ್ರ. ಯಾರೋ ದೃಷ್ಟಿ ತೆಗದು ಓಕುಳಿ ಚೆಲ್ಯಾರ" ಎಂದ.

ಓಕುಳಿ ಎಂದ ಮೇಲೆ ಕೇಳಬೇಕೆ. ಅರಿಸಿನಕ್ಕೆ ಸುಣ್ಣ ಹಾಕಿ ಕದಡಿದ ಕೆಂಪು ನೀರನ್ನು ನಿವಾಳಿಸಿ ದಾರಿಗೆ ಚೆಲ್ಲಿದರೆ, ಅದನ್ನು ದಾಟಿದವರಿಗೆ ನಿವಾಳಿಸಿಕೊಂಡವರ ದೃಷ್ಟಿಯೆಲ್ಲ ತಗಲುತ್ತದೆ. ಇದು ಗದಿಗೆಪ್ಪನಿಗೂ ಗೊತ್ತು, ಕಂಪ್ಯೂಟರಿನಲ್ಲಿ ಅಮೆರಿಕದವರ ಜೊತೆ ಮಾತಾಡುವವರಿಗೂ ಗೊತ್ತು. ಬಿಳಿ ಕಾರಿನವರು ಇಂಥದ್ದನ್ನೆಲ್ಲ ನಂಬುವವರಲ್ಲವಂತೆ, ಆದರೆ ಹೆಂಡತಿಗೆ ಏಳು ತಿಂಗಳಂತೆ. ಅವರ ಹಿಂದಿನವರು ನಂಬುವುದಿಲ್ಲವಂತೆ, ಆದರೆ ನಾಳೆ ಇಂಟರ್‌ವ್ಯೂ ಇದೆಯಂತೆ. ಮೂರನೆಯವರು ಪಾಂಪ್ಲೆಟ್ ಹಂಚಿ ಭಾಷಣ ಮಾಡುವಷ್ಟು ನಂಬುವುದಿಲ್ಲವಂತೆ, ಆದರೆ ಕಾರು ಹೊಸದಂತೆ. ಹತ್ತು ನಿಮಿಷಕ್ಕೆ ಒಂಬತ್ತು ಕಾರು ನಿಂತವು. ಹೊರಗೆ ಹೋಗಲು ಇರುವುದು ಅದೊಂದೇ ರ‍್ಯಾಂಪು.

ನಾನು ಮೇಲಿನಿಂದ ಹೇಳಿದೆ, ಇದು ಕಬ್ಬಿಣದ ಪುಡಿ ಕಣ್ರೀ, ಚಕ್ರದಿಂದ ಬಂದದ್ದು ಎಂದು. ಚಕ್ರದಿಂದ ರಕ್ತ ಬಂತೇ ಎಂದು ಯಾರೋ ಕೇಳಿದರು. ಅದಕ್ಕಿಂತ ಓಕುಳಿಯೇ ಎಷ್ಟೋ ವಾಸಿ ಅನ್ನಿಸಿ ಎರಡು ಕಾರು ಇನ್ನಷ್ಟು ಹಿಂದಕ್ಕೆ ಸರಿದವು.

ಹಾರನ್ನು ಕೇಳಿ ರಾಜೇಂದ್ರ ಬೇಸ್‌ಮೆಂಟಿನ ಒಳಗಿನಿಂದ ಓಡಿಬಂದ. ಯಾರು ಮಾಡಿದ್ದು ಎಂದು ಕೇಳಿ, ನನ್ನನ್ನು ನೋಡಿ, ಫೋನು ತೆಗೆದು ಆರ್ಭಟಿಸುತ್ತ ಬಂದವನು ಕೆಂಪು ನೀರಿನ ಅಂಚಿಗೆ ಬಂದು ಗಕ್ಕನೆ ನಿಂತ. ಎಡಗಾಲು ಎತ್ತಿದ. ಇಳಿಸಿದ. ಬಲಗಾಲು ಎತ್ತಿದ.

"ಲೇ ಮುತ್ತು, ಬಾರೋ ಇಲ್ಲಿ. ಕಾರ್ಡ್ ತಗೊಂಡು ಬಾ."

"ನೀವೇ ಬನ್ನಿ ಅಣ್ಣ. ನಂಗ್ ಕೆಲ್ಸ ಐತೆ."

"ನಾನ್ಯಾಕೋ ಬರ್ಲಿ? ನೀನು ಬಾ."

ಆಗ ನನಗೆ ಹೊಳೆಯಿತು. ಈ ಗಂಡಸು ನೀರು ದಾಟುವುದಿಲ್ಲ. ನೀರು ದಾಟದೆ ಅವನ ಫೋನು ನನ್ನ ಕಾರ್ಡಿನ ಹತ್ತಿರ ಬರುವುದಿಲ್ಲ. ಫೋನು ಬರದೆ ನನ್ನ ಪಾಸು ರದ್ದಾಗುವುದಿಲ್ಲ. ಇನ್ನೊಂದು ದಾರಿ ಇತ್ತು. ಎ ಬ್ಲಾಕಿನ ಲಿಫ್ಟ್ ಹತ್ತಿ, ಈಜುಕೊಳ ಸುತ್ತಿ ಮೇಲಿನಿಂದ ಬರಬಹುದಿತ್ತು. ಆದರೆ ಒಂಬತ್ತು ಕಾರಿನವರ ಮುಂದೆ ಮೊಳದಗಲದ ನೀರಿಗೆ ಹೆದರಿ ಊರು ಸುತ್ತಿ ಬಂದ ಅನ್ನಿಸಿಕೊಳ್ಳಲು ಅವನಿಗೆ ಮರ್ಯಾದೆ ಅಡ್ಡ ಬಂತು. ನಾನು ಕೋಟೆಯ ಮೇಲಿದ್ದೆ. ಕೆಳಗೆ ಕಂದಕ. ಕಾರ್ಡನ್ನು ಕುತ್ತಿಗೆಯಿಂದ ತೆಗೆದು ಬೆರಳಿಗೆ ಸಿಕ್ಕಿಸಿ ಗಿರಗಿರ ತಿರುಗಿಸಿದೆ. ಬ್ರಷ್ಷು ಹಿಡಿದು ಕಾರಿನ ಸುತ್ತ ಎರಡು ಹೆಜ್ಜೆ ಕುಣಿದೆ ಕೂಡ. ಇವತ್ತೆಲ್ಲ ಹೀಗೇ ಇದ್ದರೆ ಸಂಜೆ ಊಟಕ್ಕೆ ಏನು ಮಾಡುವುದು ಎಂದೂ ಯೋಚಿಸಿದೆ.

ಕಾರು ಕೆಳಗೆ ಬರಲಿಲ್ಲವೆಂದು ಶಿವರಾಜ್ ಸಾರ್ ಮನೆಯವರು ಬೇಸ್‌ಮೆಂಟಿನ ಲಿಫ್ಟಿನಿಂದ ತಾವೇ ನಡೆದು ಬಂದರು. ಸಾರ್ ರೇಷ್ಮೆ ಅಂಗಿಯಲ್ಲಿ, ಮೇಡಂ ಇಳಕಲ್ ಸೀರೆಯಲ್ಲಿ, ಜೊತೆಗೆ ಸಾರ್ ತಾಯಿ ಶರಣಮ್ಮ. ವಿಜಯಪುರದ ಅಜ್ಜಿ, ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಎಲೆಯಡಿಕೆ ಚೀಲ. ಅಜ್ಜಿ ನೀರು ನೋಡಿದರು, ಗದಿಗೆಪ್ಪನ ಕುರ್ಚಿ ಎಳೆದು ಕೂತು ಕಾಲು ಮೇಲಿಟ್ಟುಕೊಂಡರು. ಮಗ ಸೊಸೆಗೆ ಒಂದೇ ಮಾತು, ಇದನ್ನು ದಾಟಿ ನಾನು ಬರುವುದಿಲ್ಲ, ನೀವೂ ಹೋಗಕೂಡದು. ರಾಜೇಂದ್ರ ಶಿವರಾಜ್ ಸಾರ್ ಕಿವಿಗೆ ಬಾಗಿ ನನ್ನ ಮೂರೂ ಕಂಪ್ಲೇಂಟನ್ನು ಒಂದೇ ಉಸಿರಿಗೆ ಹೇಳಿದ.

ಓಕುಳಿಯಲ್ಲ ಅಜ್ಜಿ, ಕಬ್ಬಿಣ ಎಂದು ಮೇಲಿನಿಂದ ಕೂಗಿ, ನಾನು ಅವರನ್ನು ನೋಡುತ್ತ ನಿಂತಿದ್ದೆ. ತಿರುಗಿ ನೋಡಿದರೆ ಬಲಗಡೆಯ ಮುಂದಿನ ಚಕ್ರದ ಮೇಲೆ ಬಿಸಿಲು ಬಿದ್ದಿತ್ತು.

ನೆರಳು ಸರಿದುಹೋಗಿತ್ತು. ಚಕ್ರದ ಅಂಚಿನಲ್ಲಿ ನೇರಳೆ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಭಾಯ್ ಸಾವಿರ ಸಲ ಹೇಳಿದ್ದ ಮಾತು, ಐದು ನಿಮಿಷದ ಮೇಲೆ ಬಿಡಬೇಡ, ಒಣಗಲು ಬಿಡಬೇಡ, ಒಣಗಿದರೆ ಬಣ್ಣದೊಳಗೆ ಕಲೆ ಕೂತುಬಿಡುತ್ತದೆ. ಆಗಾಗ ಮತ್ತೆ ಹೊಡೆದು ಒದ್ದೆಯಾಗಿಟ್ಟಿದ್ದೆ, ಆದರೆ ಬಾಟಲಿ ತಳ ಕಂಡಿತ್ತು. ಈಗ ನೀರು ಹೊಡೆಯಲೇಬೇಕು. ಹೊಡೆದರೆ ಕಂದಕ ಕೊಚ್ಚಿಹೋಗುತ್ತದೆ, ರಾಜೇಂದ್ರ ಮೇಲೆ ಬರುತ್ತಾನೆ, ನಾನು ಹೋದೆ. ಹೊಡೆಯದಿದ್ದರೆ ನಾನು ಉಳಿದೆ, ಚಕ್ರ ಹೋಯಿತು.

ಎಷ್ಟು ಹೊತ್ತು ಯೋಚಿಸಿದೆ ಎಂದರೆ ಎರಡು ಸಲ ಕಣ್ಣು ಮಿಟುಕಿಸುವಷ್ಟು. ಚಕ್ರ ಹಾಳು ಮಾಡಿ ಉಳಿಯುವುದಾದರೆ ಒಂಬತ್ತೂವರೆಗೇ ಆಸಿಡ್ ಸುರಿದು ಮುಗಿಸಬಹುದಿತ್ತಲ್ಲ. ರಾಜೇಂದ್ರನಿಗೂ ನನಗೂ ಆಮೇಲೆ ಏನು ವ್ಯತ್ಯಾಸ? ಕಾರ್ಡನ್ನು ಕುತ್ತಿಗೆಗೆ ಹಾಕಿಕೊಂಡು ಪ್ರೆಶರ್ ಪೈಪಿನ ನಲ್ಲಿಯನ್ನು ಪೂರ್ತಿ ತಿರುಗಿಸಿದೆ.

ನೀರು ನುಗ್ಗಿತು. ನಾಲ್ಕು ಚಕ್ರದ ಕೆಂಪು, ನೊರೆ, ಎಲೆ ಎಲ್ಲ ಸೇರಿ ರ‍್ಯಾಂಪಿನಲ್ಲಿ ಇಳಿಯಿತು. ಜಾಲರಿಯ ಹತ್ತಿರ ಒಂದು ಕ್ಷಣ ನಿಂತು, ಉಬ್ಬಿ, ಆಚೆ ಉಕ್ಕಿತು. ನಂಬದವರೆಲ್ಲ ಒಟ್ಟಿಗೆ ರಿವರ್ಸ್ ಹಾಕಿದರು. ಒಂಬತ್ತು ಕಾರಿನ ಹಿಂದಿನ ಬಿಳಿ ದೀಪ ಹತ್ತಿ, ಪೀಂಪೀಂ ಎಂದು ಬೇಸ್‌ಮೆಂಟೇ ಮದುವೆ ಮನೆಯಾಯಿತು. ಗದಿಗೆಪ್ಪ ತಡೆಗಂಬ ತಬ್ಬಿಕೊಂಡು ಮೇಲೆ ಏರಿದ, ಕಂಬ ಅವನನ್ನು ಹೊತ್ತುಕೊಂಡು ಮೆಲ್ಲಗೆ ಬಾಗಿ ಮತ್ತೆ ನೀರಿನಲ್ಲೇ ಇಳಿಸಿತು. ರಾಜೇಂದ್ರ ಅಲ್ಲೇ ನಿಲ್ಲಿಸಿದ್ದ ಒಂದು ಸ್ಕೂಟರಿನ ಸೀಟು ಹತ್ತಿ ನಿಂತ. ಸ್ಕೂಟರು ಸ್ಟ್ಯಾಂಡಿನಿಂದ ಜಾರಿತು. ಅವನು ಫೋನನ್ನು ಮಾತ್ರ ಮೇಲೆತ್ತಿ ಹಿಡಿದುಕೊಂಡು, ದೇವರ ಪಲ್ಲಕ್ಕಿ ಇಳಿಸಿದಷ್ಟು ಜೋಪಾನವಾಗಿ, ಕೆಂಪು ನೀರಿನಲ್ಲಿ ಕೂತ. ಶಿವರಾಜ್ ಸಾರ್ ಪಾದ ಮುಳುಗಿತು. ಮೇಡಂ ಪಾದವೂ ಮುಳುಗಿತು. ಒದ್ದೆಯಾಗದವರು ಕುರ್ಚಿಯ ಮೇಲಿದ್ದ ಅಜ್ಜಿ ಒಬ್ಬರೇ.

ನಾನು ಅದ್ಯಾವುದನ್ನೂ ಪೂರ್ತಿ ನೋಡಲಿಲ್ಲ. ಚಕ್ರ ನೋಡುತ್ತಿದ್ದೆ. ಕೆಂಪು ಹೋದ ಮೇಲೆ ಒಳಗಿನಿಂದ ಬೆಳ್ಳಿ ಬಂತು. ಕಡ್ಡಿಗಳ ಹಿಂದೆ ಕೂಡ ಒಂದು ಚುಕ್ಕೆ ಕಪ್ಪಿರಲಿಲ್ಲ, ಎಲ್ಲೂ ಒಂದು ಗೀರಿರಲಿಲ್ಲ. ಚಕ್ರಕ್ಕೆಂದೇ ಇಟ್ಟಿದ್ದ ಬಟ್ಟೆಯಲ್ಲಿ ಒತ್ತಿ ಒತ್ತಿ ನೀರು ತೆಗೆದೆ. ನಗು ತಡೆಯಲಾಗಲಿಲ್ಲ. ಕೆಳಗಿನವರು ತಮ್ಮನ್ನು ನೋಡಿ ನಗುತ್ತಿದ್ದೇನೆ ಅಂದುಕೊಂಡಿರಬೇಕು. ಅದೂ ಇತ್ತು.

ಮೊದಲು ದಾಟಿದವರು ನಿವೇದಿತಾ ಮೇಡಂ. ಪಾದ ಒದ್ದೆಯಾದ ಮೇಲೆ ಇನ್ನೇನು ದಾಟುವುದು ಬಿಡುವುದು ಎಂದು, ಸೀರೆ ಎತ್ತಿ, ಚಪ್ಪಲಿ ಕೈಯಲ್ಲಿ ಹಿಡಿದು ಮೇಲೆ ಬಂದು, ಕಾರಿನಲ್ಲಿ ಕೂತು ಹಾರನ್ ಒತ್ತತೊಡಗಿದರು. ಅವರ ಹಿಂದೆ ರಾಜೇಂದ್ರ. ಪ್ಯಾಂಟಿನ ಹಿಂಭಾಗ ಗುಲಾಬಿ. ನೆಟ್ಟಗೆ ಬಂದು ನನ್ನ ಕಾರ್ಡಿಗೆ ಫೋನು ಹಿಡಿದು, ಬೆರಳನ್ನು ಪರದೆಯ ಮೇಲಿಟ್ಟು, ಶಿವರಾಜ್ ಸಾರ್ ಕಡೆ ತಿರುಗಿದ. ಕಂಪ್ಲೇಂಟ್ ಹಾಗೇ ಇರಲಾ ಸಾರ್ ಎಂದು ಕೇಳಿದ.

ಸಾರ್ ಬಾಯಿ ತೆರೆಯುವ ಮೊದಲೇ ಅಜ್ಜಿ ಕುರ್ಚಿಯಿಂದಲೇ ತಡೆದರು. ಎಲೆಯಡಿಕೆ ಚೀಲಕ್ಕೆ ಕೈಹಾಕಿ ಅಡಕತ್ತರಿ ತೆಗೆದರು. ಹಳೆಯದು, ಹಿಡಿಯ ಬುಡದಲ್ಲಿ ತುಕ್ಕು.

"ತಮ್ಮಾ, ಕಬ್ಬಿಣ ಅಂದಿ ಹೌದಿಲ್ಲೋ? ಇದೂ ಕಬ್ಬಿಣ. ಇದಕ್ಕೂ ಹೊಡಿ ನೋಡೂಣು. ಇದಕ್ಕ ಯಾರ ದೃಷ್ಟಿನೂ ತಗಲಿಲ್ಲ, ನನ್ನ ಸೊಂಟ ಬಿಟ್ಟು ಎಲ್ಲೂ ಹೋಗಿಲ್ಲ."

ಇಳಿದು ಹೋಗಿ ಬಾಟಲಿಯ ತಳದಲ್ಲಿದ್ದುದನ್ನು ಹೊಡೆದೆ. ಎಲ್ಲರೂ ಬಾಗಿ ನೋಡಿದರು. ರಾಜೇಂದ್ರನ ಬೆರಳು ಗಾಳಿಯಲ್ಲಿತ್ತು. ಮೇಲೆ ಹಾರನ್ ಬಡಿಯುತ್ತಲೇ ಇತ್ತು. ತುಕ್ಕಿನ ಮೇಲೆ ಒಂದು ಚುಕ್ಕೆ ನೇರಳೆ ಎದ್ದಿತು. ಹರಡಿತು. ಅಡಕತ್ತರಿಯ ತುದಿಯಿಂದ ಒಂದು ಕೆಂಪು ಹನಿ ಬಿತ್ತು.

ಅಜ್ಜಿ ಅಡಕತ್ತರಿಯನ್ನು ಕಣ್ಣಿನ ಹತ್ತಿರ ತಂದು ನೋಡಿದರು. "ಡಾಕ್ಟರ್ ನನ್ನ ರಕ್ತದಾಗ ಕಬ್ಬಿಣ ಇಲ್ಲ ಅಂತಾನ," ಎಂದರು. "ಇಲ್ಲಿ ಕಬ್ಬಿಣದಾಗ ರಕ್ತ ಐತಿ." ಆಮೇಲೆ ಇದರಲ್ಲಿ ಅಡಿಕೆ ಕತ್ತರಿಸಿ ತಿಂದರೆ ಸಾಯುತ್ತೇನೆಯೇ ಎಂದು ಕೇಳಿದರು. ಸೋಪು ಹಾಕಿ ಚೆನ್ನಾಗಿ ತೊಳೆದು ತಿನ್ನಿ ಅಜ್ಜಿ ಎಂದೆ. ಕುರ್ಚಿಯಿಂದ ಇಳಿದು, ನೀರಿನಲ್ಲಿ ಬೇಕೆಂದೇ ಪಚಪಚ ಕಾಲಿಡುತ್ತ, ಮಗನ ತೋಳು ಹಿಡಿದು ರ‍್ಯಾಂಪು ಹತ್ತಿದರು.

ಶಿವರಾಜ್ ಸಾರ್ ಕಾರಿನ ಸುತ್ತ ಒಂದು ಸುತ್ತು ಬಂದರು. ಪ್ರತಿ ಚಕ್ರದ ಮುಂದೆ ಕೂತರು. ಕಡ್ಡಿಗಳ ಹಿಂದೆ ಬೆರಳು ಹಾಕಿ, ಹೊರಗೆ ತೆಗೆದು ನೋಡಿದರು. ಬೆರಳು ಶುಭ್ರವಾಗಿತ್ತು. ಎದ್ದು ನಿಂತು, ಇಷ್ಟು ಚೆನ್ನಾಗಿ ಮಾಡಲು ಬರುವವನು ಆರು ತಿಂಗಳು ಯಾಕೆ ಮಾಡಲಿಲ್ಲ ಎಂದು ಕೇಳಿದರು.

ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತೇನೋ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

"ನೀವು ಬಿಟ್ರಾ ಸಾರ್? ಆಫೀಸಿಂದ ಬರ್ತೀರಾ, ಚಕ್ರ ಕೈ ಸುಡ್ತಿರತ್ತೆ, ಹತ್ನಿಮಿಷದಲ್ಲಿ ಮುಗ್ಸು ಅಂತೀರಾ. ಆಗ ನಾನು ಏನ್ ಹಾಕಿದ್ರೂ ಅದು ಚಕ್ರದ ಮೇಲೇ ಬೇಯತ್ತೆ. ತೊಳ್ಯೋದು ನಂಗ್ ಗೊತ್ತು. ಕಾಯೋದು ನಿಮ್ಗೊತ್ತಿಲ್ಲ."

ಹಾರನ್ ಕೂಡ ನಿಂತುಹೋಯಿತು. ಮೇಡಂ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. ರಾಜೇಂದ್ರನ ಮುಖದಲ್ಲಿ ಮೊದಲ ಸಲ ಸಂತೋಷ ಕಂಡಿತು. ಇನ್ನು ಸಾರ್ ಒಂದು ಸಲ ತಲೆ ಅಲ್ಲಾಡಿಸಿದರೆ ಸಾಕಿತ್ತು.

ಸಾರ್ ತಲೆ ಅಲ್ಲಾಡಿಸಲಿಲ್ಲ. ಚಕ್ರ ನೋಡಿದರು, ನನ್ನನ್ನು ನೋಡಿದರು.

"ಎಷ್ಟೊತ್ತು ಕಾಯ್ಬೇಕಪ್ಪ?"

"ಮುಕ್ಕಾಲು ಗಂಟೆ."

"ಸರಿ. ಇನ್ಮೇಲೆ ಭಾನುವಾರ ಬೆಳಿಗ್ಗೆನೇ ಮಾಡು. ತಣ್ಣಗಿರತ್ತೆ."

ಜೇಬಿನಿಂದ ಫೋನು ತೆಗೆದು ಏನೋ ಒತ್ತಿದರು. ರಾಜೇಂದ್ರನ ಫೋನು ಟಿಂಗ್ ಎಂದಿತು. ಅವನು ಪರದೆ ಓದಿದ, ನನ್ನ ಕಾರ್ಡನ್ನು ಓದಿದ, ಮತ್ತೆ ಪರದೆ ಓದಿದ. ಮೂರು ಇದ್ದದ್ದು ಎರಡಾಗಿತ್ತು. ಗುಲಾಬಿ ಹಿಂಭಾಗ ತೋರಿಸುತ್ತ ಜಾಲರಿಯ ಎಲೆ ಕೀಳಲು ಹೋದ.

ಹೊರಡುವ ಮೊದಲು ಶಿವರಾಜ್ ಸಾರ್‌ಗೆ ಒಂದು ಮಾತು ಹೇಳಿದೆ. ಈಗ ಬ್ರೇಕಿನ ತಟ್ಟೆ ಒದ್ದೆಯಾಗಿದೆ, ರಸ್ತೆಗೆ ಬೀಳುವ ಮೊದಲು ಮೆಲ್ಲಗೆ ಎರಡು ಮೂರು ಸಲ ಒತ್ತಿ ಒಣಗಿಸಿಕೊಳ್ಳಿ ಎಂದು. ತಲೆಯಾಡಿಸಿದರು. ಹಿಂದಿನ ಸೀಟಿನಿಂದ ಅಜ್ಜಿ ಕೈ ಬೀಸಿದರು. ಬೆಳ್ಳಿ ಚಕ್ರಗಳು ಉರುಳಿಕೊಂಡು ಗೇಟಿನ ಕಡೆ ಹೋದವು.

ಗೇಟಿನ ಹತ್ತಿರ, ಹೇಳಿದ ಹಾಗೆಯೇ, ಸಾರ್ ಮೆಲ್ಲಗೆ ಬ್ರೇಕ್ ಒತ್ತಿದರು. ಒಳಗೆ ಪ್ಯಾಡು ತಟ್ಟೆಯನ್ನು ಕಚ್ಚಿದ ಕಿರ್ ಸದ್ದು ನನಗೆ ಕೇಳಿಸಿತು. ಹೊಸ ಪುಡಿ ಶುರುವಾಯಿತು.